ಹುಣಸೆ ಮರದ ಮೊಳೆ

ಕದರಯ್ಯನ ಎರಡು ಹೆಗಲ ಮೇಲೂ ಒಂದೊಂದು ಗಡ್ಡೆ ಇತ್ತು. ನಿಂಬೆಹಣ್ಣಿನಷ್ಟು ದಪ್ಪ, ಮುಟ್ಟಿದರೆ ಗಾಡಿ ಎತ್ತಿನ ಹೆಗಲಿನ ಹಾಗೆ ಗಟ್ಟಿ. ತುಮಕೂರಿನಲ್ಲಿ ಸೈಫುಲ್ಲಾ ಸಾಹೇಬರ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಅವನು ಮೂಟೆ ಹೊರುವ ಆಳು. ಹಾಗಾಗಿ ಗಡ್ಡೆ ಮೂಟೆಯದ್ದು ಅಂತ ಪೇಟೆಯ ಜನ ತಿಳಿದಿದ್ದರು. ಹೆಬ್ಬೂರಿನಲ್ಲಿ ಬಸ್ಸಿಳಿದು ರಾಗಿ ಹೊಲಗಳ ನಡುವೆ ನಡೆದು ಅವನ ಊರು ಕರೇಕಲ್ಪಾಳ್ಯಕ್ಕೆ ಬಂದು ಕೇಳಿದರೆ ಬೇರೆ ಕತೆ. ಅಲ್ಲಿ ಅವು ಬೇಲದಮ್ಮ ಕೊಟ್ಟ ಗುರುತು. ಹೆಂಗಸರು ಅವನೆದುರು ಸೆರಗು ಸರಿಮಾಡಿಕೊಳ್ಳುತ್ತಿದ್ದದ್ದು ಆ ಗಡ್ಡೆಗಳ ಮರ್ಯಾದೆಗೆ. ಅವನ ಮುಖಕ್ಕೆ ಅಷ್ಟು ಮರ್ಯಾದೆ ಕೊಡುವವರು ಯಾರೂ ಇರಲಿಲ್ಲ.

ಬೇಲದಮ್ಮ ಪ್ರಶ್ನೆಗೆ ಉತ್ತರ ಕೊಡುವ ದೇವರು. ಎರಡು ಉದ್ದನೆಯ ಬೊಂಬುಗಳ ನಡುವೆ ಆಕೆಯನ್ನು ಕೂರಿಸಿ, ಸೀರೆ ಉಡಿಸಿ, ಮುಂದೊಬ್ಬ ಹಿಂದೊಬ್ಬ ಹೊತ್ತು ನಿಲ್ಲುತ್ತಾರೆ. ಅದಕ್ಕೆ ಅಡ್ಡೆ ಅನ್ನುತ್ತಾರೆ. ಪೂಜಾರಿ ಕೆಂಪಯ್ಯ ಪ್ರಶ್ನೆ ಕೇಳಿದರೆ ಅಡ್ಡೆ ತೂಗುತ್ತಾ ತೂಗುತ್ತಾ ಬಲಕ್ಕೋ ಎಡಕ್ಕೋ ವಾಲುತ್ತದೆ. ಹೆಣ್ಣು ತರುವುದು, ಬಾವಿ ತೋಡುವುದು, ಅಣ್ಣತಮ್ಮಂದಿರು ಬೇರೆಯಾಗುವುದು ಎಲ್ಲ ಹಾಗೇ ತೀರ್ಮಾನ. ಮುಂದಿನ ಹೆಗಲು ಕದರಯ್ಯನದು, ಹಿಂದಿನದು ಅವನ ದೊಡ್ಡಪ್ಪನ ಮಗ ಚಿಕ್ಕಹನುಮಯ್ಯನದು. ಹೊತ್ತವನು ತಾನಾಗಿ ದೂಕಿದರೆ ರಕ್ತ ಕಾರಿಕೊಂಡು ಸಾಯುತ್ತಾನೆ ಅಂತ ಊರಿಗೆಲ್ಲ ಗೊತ್ತಿತ್ತು. ಕದರಯ್ಯ ದೂಕಿದವನಲ್ಲ. ಬೊಂಬು ಎಳೆಯುತ್ತಿತ್ತು, ಅವನು ಹೋಗುತ್ತಿದ್ದ. ದೇವರು ಇದಾಳೋ ಇಲ್ಲವೋ ಅಂತ ಯಾರಾದರೂ ವಾದಕ್ಕೆ ಕೂತರೆ ಅವನಿಗೆ ನಗು ಬರುತ್ತಿತ್ತು. ಹೆಗಲ ಮೇಲೆ ಭಾರ ಬಿದ್ದವನಿಗೆ ಇನ್ನೇನು ಸಾಕ್ಷಿ ಬೇಕು ಹೇಳಿ.

ಎಪ್ಪತ್ತೆರಡನೇ ಇಸವಿಯಲ್ಲಿ ಅವನ ಹೆಂಡತಿ ಭದ್ರಮ್ಮ ತೀರಿಕೊಂಡಳು. ಗುಬ್ಬಿ ಕಡೆಯ ಹೆಣ್ಣು, ಮಾತಿನ ಮಲ್ಲಿ. ಹೆರಿಗೆಯಾಗಿ ತಿಂಗಳು ತುಂಬುವ ಮೊದಲೇ ಬಾಣಂತಿ ಸನ್ನಿ ಹಿಡಿದು ಹೋದಳು. ಕೂಸು ಪುಟ್ಟತಾಯಮ್ಮ ಉಳಿದಳು. ಅವಳನ್ನು ನೋಡಿಕೊಳ್ಳಲಿಕ್ಕಾದರೂ ಒಂದು ಹೆಣ್ಣು ಬೇಕು ಅಂತ ಹಿರಿಯರು ಕುಣಿಗಲ್ ಕಡೆಯಿಂದ ಗಿರಿಯಮ್ಮನನ್ನು ತಂದು ಕಟ್ಟಿದರು. ಆಗಿನ್ನೂ ಎಳೆಯ ಹುಡುಗಿ, ಮೊಣಕಾಲು ಮುಟ್ಟುವ ಜಡೆ. ಕದರಯ್ಯನಿಗೆ ನಾಚಿಕೆಯಾಗುವಷ್ಟು ಬೇಗ ಅವಳ ಮೇಲೆ ಆಸೆ ಹುಟ್ಟಿತು. ಹಳೆಯವಳನ್ನು ಮರೆಯಬೇಕು ಅಂತ ಅವನು ದೇವರಿಗೇ ಕೈಮುಗಿದ.

ಅಂಥ ಹೊತ್ತಿನಲ್ಲೇ ಒಂದು ಸಂಜೆ ಒಲೆ ಮುಂದೆ ಕೂತಿದ್ದ ಗಿರಿಯಮ್ಮ ಜಡೆ ಬಿಚ್ಚಿ ಹಾಕಿಕೊಂಡು ತೂಗತೊಡಗಿದಳು. ಬಾಯಿಂದ ಒಂದೇ ಮಾತು.

“ಕೂಸಿಗೆ ಇಕ್ಕಿದ್ರಾ?”

ಆ ದನಿ ಭದ್ರಮ್ಮನದು. ಕೂಸು ಅನ್ನುವಾಗ ಎಳೆದು ಹೇಳುವುದೂ ಅವಳದೇ. ಗಿರಿಯಮ್ಮ ಯಾವಾಗಲೂ ಪಾಪು ಅನ್ನುತ್ತಿದ್ದವಳು. ಕೆಂಪಯ್ಯ ಬಂದು ಯಾರು ನೀನು, ಏನು ಬೇಕು, ಕೋಳಿ ಬೇಕಾ, ಸೀರೆ ಬೇಕಾ ಅಂತ ಕೇಳಿದ. ಎಲ್ಲಕ್ಕೂ ಅದೇ. ಕೂಸಿಗೆ ಇಕ್ಕಿದ್ರಾ, ಕೂಸಿಗೆ ಇಕ್ಕಿದ್ರಾ. ಬಾಯಿಬಿಟ್ಟು ಉತ್ತರ ಹೇಳಲು ಹೋದ ಕದರಯ್ಯನನ್ನು ಕೆಂಪಯ್ಯ ತಡೆದ.

“ಗಾಳಿ ಕೇಳಿದ್ದಕ್ಕೆ ಉತ್ತರ ಕೊಡಬಾರ್ದು ಕಣ್ಲಾ. ಕೊಟ್ರೆ ಇಲ್ಲೇ ಬೇರು ಬುಡ್ತದೆ.”

ಮಾರನೆಯ ದಿನ ಅಡ್ಡೆ ಬಂತು. ಗಾಳಿಯಾದರೆ ಎಡಕ್ಕೆ ಬಾ, ಹಿರೀಕರ ದಯೆಯಾದರೆ ಬಲಕ್ಕೆ ಬಾ ತಾಯಿ ಅಂತ ಕೆಂಪಯ್ಯ ಕೇಳಿದ. ಬೊಂಬು ಎಡಕ್ಕೆ ಎಳೆಯಿತು. ಕದರಯ್ಯ ಹೋದ. ಸೈಫುಲ್ಲಾ ಸಾಹೇಬರ ಅಂಗಡಿಯಿಂದ ಅವನೇ ದೊಡ್ಡದೊಂದು ಮೊಳೆ ತಂದ. ಗಿರಿಯಮ್ಮನಿಗೆ ಹುಣಸೆ ಬರಲಿನಲ್ಲಿ ಹೊಡೆದು, ಅವಳ ಜಡೆಯಿಂದ ಒಂದು ಹಿಡಿ ಕೂದಲು ಕತ್ತರಿಸಿ, ಅದನ್ನು ಮೊಳೆಗೆ ಸುತ್ತಿ ಊರಾಚೆಯ ಹುಣಸೆ ಮರಕ್ಕೆ ಜಡಿದರು. ಭದ್ರಮ್ಮನನ್ನು ಅಲ್ಲಿಗೆ ಕಟ್ಟಿಹಾಕಿದಂತಾಯಿತು.

ಗಿರಿಯಮ್ಮನಿಗೆ ಮತ್ತೆ ಗಾಳಿ ಬರಲಿಲ್ಲ. ಬೇರೆ ಏನೂ ಬರಲಿಲ್ಲ ಅನ್ನಬೇಕು. ಕೆಲಸದಲ್ಲಿ ಒಂದು ತಪ್ಪು ಹುಡುಕುವ ಹಾಗಿರಲಿಲ್ಲ. ರಾಗಿ ಬೀಸುತ್ತಿದ್ದಳು, ಹಸು ಕರೆಯುತ್ತಿದ್ದಳು, ಪುಟ್ಟತಾಯಮ್ಮನ ತಲೆ ಬಾಚುತ್ತಿದ್ದಳು. ತಟ್ಟೆಗೆ ಮುದ್ದೆ ಇಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಉಂಡರೋ ಬಿಟ್ಟರೋ ಅಂತ ಒಂದು ಮಾತು ಕೇಳುತ್ತಿರಲಿಲ್ಲ. ಅವಳಿಗೆ ಮಕ್ಕಳೂ ಆಗಲಿಲ್ಲ. ಹೊಂದಿಕೊಂಡು ಹೋಗುವ ಹೆಣ್ಣು ಅಂತ ಊರು ಹೊಗಳಿತು. ಊರಿಗೆ ಅಷ್ಟು ಸಾಕು, ಯಾವಾಗಲೂ.

ಮರ ಇದ್ದದ್ದು ಬಸ್ಸಿಗೆ ಹೋಗುವ ದಾರಿಯಲ್ಲಿ. ಕದರಯ್ಯ ಬೆಳಗ್ಗೆ ಅದನ್ನು ದಾಟಬೇಕು, ಸಂಜೆ ಮತ್ತೆ ದಾಟಬೇಕು. ಗಾಳಿಯಿಲ್ಲದ ದಿನವೂ ಅದರ ಎಲೆ ಅಲ್ಲಾಡುತ್ತಿತ್ತು ಅಂತ ಅವನಿಗೆ ಅನ್ನಿಸುತ್ತಿತ್ತು. ಕೆಲವು ಸಂಜೆ, ಮರ ದಾಟಿ ಬಂದ ಮೇಲೆ, ಬೆನ್ನಿಗೆ ಹತ್ತಿರದಲ್ಲೇ ಆ ಪ್ರಶ್ನೆ ಕೇಳಿಸುತ್ತಿತ್ತು. ತಿರುಗಿ ನೋಡಿದರೆ ಯಾರೂ ಇಲ್ಲ. ಎಡಕ್ಕೆ ಹೋದದ್ದು ಅಮ್ಮ, ನಾನಲ್ಲ ಅಂತ ಅವನು ಗಟ್ಟಿಯಾಗಿ ಹೇಳಿಕೊಳ್ಳುತ್ತಾ ನಡೆಯುತ್ತಿದ್ದ. ಎದುರು ಬಂದವರು ಇವನು ಮಂತ್ರ ಹೇಳುತ್ತಿದ್ದಾನೆ ಅಂದುಕೊಂಡು ದಾರಿ ಬಿಡುತ್ತಿದ್ದರು. ಹೀಗೇ ವರ್ಷಗಳು ಕಳೆದವು.

ಎಂಬತ್ನಾಲ್ಕರ ಶ್ರಾವಣದಲ್ಲಿ ಪುಟ್ಟತಾಯಮ್ಮ ಶುರು ಮಾಡಿದಳು. ದೀಪ ಹಚ್ಚುವ ಹೊತ್ತಿಗೆ ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತು ಮೆಲ್ಲಗೆ ಮಾತಾಡುತ್ತಿದ್ದಳು. ಎದುರಿಗೆ ಯಾರೂ ಇರುತ್ತಿರಲಿಲ್ಲ.

“ಯಾರ ಜೊತೇಲಿ ಮಾತಾಡ್ತಿದ್ದೆ ಮಗ?”

“ಅವ್ವ ಬಂದಿದ್ಲು ಕಣಪ್ಪ. ಹೆತ್ತವ್ವ.”

“ಏನಂತಾಳೆ?”

“ಕೂಸಿಗೆ ಇಕ್ಕಿದ್ರಾ ಅಂತ ಕೇಳ್ತಾಳೆ.”

ಮನೆಯಲ್ಲಿ ಆ ಮಾತನ್ನು ಯಾರೂ ಎಂದೂ ಎತ್ತಿರಲಿಲ್ಲ. ಊರಿನಲ್ಲಿ ಯಾರಾದರೂ ಹೇಳಿರಬಹುದು. ಹೇಳದೆ ಇರುವಷ್ಟು ಒಳ್ಳೆಯ ಊರೇನೂ ಅದಲ್ಲ. ಸುದ್ದಿ ಹಬ್ಬಿತು. ಕೆಂಪಯ್ಯ ಮರಕ್ಕೆ ಹೋಗಿ ನೋಡಿ ಬಂದು, ಹಳೇ ಮೊಳೆ ಬಿಗಿ ತಪ್ಪಿದೆ, ಅದಕ್ಕೇ ಬಿಚ್ಚಿಕೊಂಡು ಬಂದವಳೆ, ಈ ಸಲ ಮಗಳ ಕೂದಲಲ್ಲೇ ಹೊಡೆಯಬೇಕು ಅಂದ. ಬೇಲದಮ್ಮ ಹೂಂ ಅನ್ನುವುದೊಂದೇ ಬಾಕಿ.

ಕದರಯ್ಯನಿಗೆ ನಿದ್ದೆ ಹತ್ತಲಿಲ್ಲ. ಮೊಳೆ ಹೊಡೆಸಿಕೊಂಡ ಹುಡುಗಿಗೆ ನಾಳೆ ಗಂಡು ಸಿಗುವುದಿಲ್ಲ ಅನ್ನುವುದು ಇದ್ದೇ ಇತ್ತು. ಅದಕ್ಕಿಂತ ಗಿರಿಯಮ್ಮನ ಮುಖ ಅವನನ್ನು ಹೆದರಿಸಿತು. ಆ ಮುಖದಲ್ಲಿ ಆರಿಹೋದದ್ದು ಮಗಳ ಮುಖದಲ್ಲೂ ಆರಿಹೋದರೆ ಆ ಮನೆಯಲ್ಲಿ ಹೇಗೆ ಬದುಕುವುದು.

ಬೆಳಗ್ಗೆ ಅಂಗಳದಲ್ಲಿ ಅಡ್ಡೆ ನಿಂತಿತು. ಪುಟ್ಟತಾಯಮ್ಮನ ಎಣ್ಣೆ ಹಚ್ಚಿದ ಜಡೆ ಕೆಂಪಯ್ಯನ ಮುಷ್ಟಿಯಲ್ಲಿತ್ತು. ಅವಳು ಅಳುತ್ತಿರಲಿಲ್ಲ, ಅಪ್ಪನನ್ನೇ ನೋಡುತ್ತಿದ್ದಳು. ಗಾಳಿಯಾದರೆ ಎಡಕ್ಕೆ ಬಾ ತಾಯಿ. ಬೊಂಬು ಸ್ವಲ್ಪ ಎಡಕ್ಕೆ ಎಳೆಯಿತು. ಕದರಯ್ಯ ಪಾದ ಊರಿದ. ರಕ್ತ ಕಾರಿದರೆ ಕಾರಲಿ ಅಂದುಕೊಂಡು, ಕಣ್ಣು ಮುಚ್ಚಿ, ಎರಡು ಹೆಗಲನ್ನೂ ಕೊಟ್ಟು ಬಲಕ್ಕೆ ದೂಕಿದ.

ಅಡ್ಡೆ ಬಂತು. ಬಂಡಿಗೆ ಪಳಗಿದ ಎತ್ತಿನಷ್ಟು ವಿಧೇಯವಾಗಿ, ಒಂದಿಷ್ಟೂ ತಡೆಯದೆ ಬಂತು. ಕೆಂಪಯ್ಯ ಮತ್ತೆ ಕೇಳಿದ. ಮತ್ತೆ ಬಲಕ್ಕೆ. ಹಿರೀಕರ ದಯೆ, ಹಿರೀಕರ ದಯೆ ಅಂತ ಜನ ಕೈಮುಗಿದರು. ಜಡೆ ಮುಷ್ಟಿಯಿಂದ ಜಾರಿತು. ರಕ್ತ ಬರಲಿಲ್ಲ. ಕದರಯ್ಯ ಕಾದ. ಮಧ್ಯಾಹ್ನದವರೆಗೂ ಉಗುಳಿ ಉಗುಳಿ ನೋಡಿಕೊಂಡ. ಬರೀ ಉಗುಳು.

ಆಗ ಅವನಿಗೆ ನಿಜವಾಗಿ ಭಯವಾಯಿತು. ಗುಡಿಯ ಹಿಂದೆ ನೀರು ಕುಡಿಯುತ್ತಿದ್ದ ಚಿಕ್ಕಹನುಮಯ್ಯನ ಹತ್ತಿರ ಹೋದ.

“ಅಣ್ಣ, ಇವತ್ತು ದೂಕಿದ್ದು ನಾನು.”

“ಗೊತ್ತಾಯ್ತು ಬುಡು. ಅದಕ್ಕೆ ನಾನೂ ನಿನ್ನ ಜೊತೆ ಬಂದೆ.”

“ಆವತ್ತು ಗಿರಿ ಕೂದಲು ಕತ್ತರಿಸ್ದಾಗ? ಆವತ್ತು ಎಡಕ್ಕೆ ಎಳ್ದಿದ್ದು ಯಾರು?”

ಚಿಕ್ಕಹನುಮಯ್ಯ ಚೊಂಬು ಕೆಳಗಿಟ್ಟ. “ನೀನೇ ಅನ್ಕೊಂಡಿದ್ನಲ್ಲೋ. ಹೊಸಾ ಹೆಂಡ್ತಿ ತಂದವನೆ, ಹಳೇದು ಹೋಗ್ಲಿ ಅಂತ ಇವನಿಗೈತೆ, ಆಗ್ಲಿ ಅಂತ ನಿನ್ನ ಹಿಂದೇನೇ ಬಂದೆ.”

“ನಾನು ಅಮ್ಮ ಅನ್ಕೊಂಡಿದ್ದೆ.”

ಚಿಕ್ಕಹನುಮಯ್ಯ ಚೊಂಬು ಮತ್ತೆ ಕೈಗೆತ್ತಿಕೊಂಡು, ಇವತ್ತು ನಿನ್ನ ಕೈಲಿ ದೂಕ್ಸಿದ್ದು ಅಮ್ಮನೇ ಇರಬೋದಲ್ಲ ಅಂದ. ಇರಬಹುದು. ಹಾಗಂದುಕೊಂಡು ನೆಮ್ಮದಿಯಾಗಿರುವವರು ಬೇಕಾದಷ್ಟು ಜನ ಇದ್ದಾರೆ, ಚಿಕ್ಕಹನುಮಯ್ಯ ಕೊನೆಯವರೆಗೂ ಹಾಗೇ ಇದ್ದ. ಕದರಯ್ಯನಿಗೆ ಆಗಲಿಲ್ಲ. ಅವನು ಮತ್ತೆ ಅಡ್ಡೆಗೆ ಹೆಗಲು ಕೊಡಲಿಲ್ಲ.

ಮಾರನೆಯ ದಿನ ಅಂಗಡಿಯಲ್ಲಿ ಅವನು ಮೊಳೆ ಕೀಳುವ ಸಲಾಕೆ ಕೇಳಿದ. ಸೈಫುಲ್ಲಾ ಸಾಹೇಬರು ಯಾಕೆ ಅಂದರು. ಹೇಳಿದ. ಅವರು ಚಹಾ ತರಿಸಿ ಕೂರಿಸಿದರು.

“ಕದರಯ್ಯ, ಸತ್ತವರು ವಾಪಸ್ ಬರಲ್ಲ. ಹೋದವರು ಹೋದ್ರು. ದೆವ್ವ ಅನ್ನೋದೆಲ್ಲ ವಹಮು, ಬರೀ ಭ್ರಮೆ.”

“ದೇವ್ರು ಐತಾ ಸಾಹೇಬ್ರೇ?”

“ತೋಬಾ, ಅದೆಂಥ ಮಾತು. ಅಲ್ಲಾ ಇದಾನೆ.”

“ನೋಡಿದೀರಾ?”

“ಅವನನ್ನ ಯಾರು ನೋಡಿದಾರೆ.”

“ನಾನು ಭದ್ರಿನ ನೋಡಿದೀನಿ. ಅವಳ ಕೈಲಿ ಉಂಡಿದೀನಿ. ಅಮ್ಮನ ಇಷ್ಟು ವರ್ಷ ಹೊತ್ತೆ, ನಾನು ದೂಕಿದ್ ಕಡೆಗೆ ಬಂದ್ಲು. ಭದ್ರಿ ನಾನು ಹೇಳ್ದಂಗೆ ಒಂದಿನಾನೂ ಕೇಳ್ದೋಳಲ್ಲ. ಈಗಲೂ ಕೇಳ್ತಿಲ್ಲ. ಇಬ್ಬರಲ್ಲಿ ಯಾರನ್ನ ನಂಬ್ಲಿ ಹೇಳಿ.”

ಸಾಹೇಬರು ಗಡ್ಡ ನೀವಿಕೊಂಡರು. ಅವರೂ ಇಬ್ಬರು ಮಕ್ಕಳನ್ನು ಮಣ್ಣಿಗಿಟ್ಟವರು. ದೆವ್ವ ಇಲ್ಲದಿದ್ದರೆ ಮೊಳೆ ಇದ್ದರೇನು ಹೋದರೇನು ಅಂತ ಮೆಲ್ಲಗೆ ಅಂದರು. ದೆವ್ವ ಇದ್ದರೆ ಅಂತ ಕದರಯ್ಯ ಕೇಳಿದ. ಅವರು ಎದ್ದು ಸಲಾಕೆ ತಂದು ಅವನ ಮುಂದಿಟ್ಟರು.

ಆ ಸಂಜೆ ಅವನು ಗಿರಿಯಮ್ಮನಿಗೆ ಹೇಳಿದ. “ಆ ಮೊಳೆ ಕೀಳ್ತೀನಿ. ಭದ್ರಿನ ಬುಟ್ಬುಡಾನ.”

ಗಿರಿಯಮ್ಮ ಅಕ್ಕಿ ಆರಿಸುತ್ತಿದ್ದಳು. “ಅದ್ರಲ್ಲಿರೋ ಕೂದಲು ನಂದು,” ಅಂದಳು.

ಇಷ್ಟು ವರ್ಷ ಆ ಮರ ದಾಟಿದವನಿಗೆ ಇದು ಒಮ್ಮೆಯೂ ಹೊಳೆದಿರಲಿಲ್ಲ. ಅವನು ಅವಳ ಎದುರು ಕುಕ್ಕರಗಾಲಲ್ಲಿ ಕೂತ.

“ಗಿರಿ, ಆವತ್ತು ಬಂದಿದ್ದು ಅವಳೋ, ನೀನೋ?”

“ನಂಗೇನು ಗೊತ್ತು. ಪಾಪು ಅಳ್ತಿತ್ತು. ಯಾರೂ ಎದ್ದು ನೋಡ್ಲಿಲ್ಲ. ಆಮೇಲೆ ನನ್ನ ಬಾಯಿಂದ ಏನೋ ಬಂತು. ಬಂದಿದ್ದಕ್ಕೆ ಹೊಡೆದ್ರಿ.” ಅವಳು ಮೊರದ ಮೇಲಿಂದ ಕಣ್ಣೆತ್ತಲಿಲ್ಲ. “ಅವತ್ತಿಂದ ಬಾಯಿಗೆ ಏನೂ ಬರ್ದಂಗೆ ನೋಡ್ಕೊಂಡಿದೀನಿ.”

ಮರುದಿನ ಅವನು ಅಂಗಡಿಗೆ ಹೋಗಲಿಲ್ಲ. ಮರದ ತೊಗಟೆ ಬೆಳೆದು ಮೊಳೆಯನ್ನು ಅರ್ಧ ನುಂಗಿತ್ತು. ಕೆಂಪಯ್ಯ ಬಿಗಿ ತಪ್ಪಿದೆ ಅಂದದ್ದು ಶುದ್ಧ ಸುಳ್ಳು. ಸಲಾಕೆ ಹಾಕಿ ಮೀಟಿದರೂ ಅಲ್ಲಾಡಲಿಲ್ಲ. ಸುತ್ತ ತೊಗಟೆ ಕೆತ್ತಿ, ಕೈ ಕುಯ್ದುಕೊಂಡು, ಹೊತ್ತು ಇಳಿಯುವವರೆಗೆ ಒದ್ದಾಡಿದ. ಕಿರ್ರೆಂದು ಸದ್ದು ಮಾಡಿ ಅದು ಸೊಟ್ಟಗಾಗಿ ಈಚೆಗೆ ಬಂತು. ತುಕ್ಕಿನ ಜೊತೆ ನಾಲ್ಕಾರು ಎಳೆ ಕೂದಲು ಅಂಟಿಕೊಂಡಿತ್ತು. ಗಿರಿಯಮ್ಮನ ತಲೆ ಈಗ ಕಿವಿಯ ಹತ್ತಿರ ಬೆಳ್ಳಗಾಗಿದೆ. ಇವು ಮಾತ್ರ ಕಪ್ಪಗೆ ಹೊಳೆಯುತ್ತಿದ್ದವು, ಹೊಸದಾಗಿ ಬಂದ ಹುಡುಗಿಯ ಕೂದಲು. ಕದರಯ್ಯ ಮರಕ್ಕೆ ಹಣೆಯಿಟ್ಟು ಅತ್ತ.

ಮನೆಗೆ ನಡೆಯುವಾಗ ಬೆನ್ನ ಹಿಂದೆ ಏನೂ ಕೇಳಿಸಲಿಲ್ಲ. ಅದೇ ಅವನಿಗೆ ತಡೆಯಲಾರದ ದುಃಖವಾಯಿತು. ಎರಡು ಸಲ ತಿರುಗಿ ನೋಡಿದ.

ಕತ್ತಲಾಗುತ್ತಿತ್ತು. ಪುಟ್ಟತಾಯಮ್ಮ ಗೋಡೆಗೆ ಒರಗಿ ತೂಕಡಿಸುತ್ತಿದ್ದಳು. ಅವನು ಮೊಳೆಯನ್ನು ಕೂದಲ ಸಮೇತ ಅಡುಗೆಮನೆಯ ಹೊಸ್ತಿಲ ಒಳಗಿಟ್ಟು, ಒಲೆಗೆ ಬೆನ್ನು ಮಾಡಿ ಹೊರಗಡೆ ಕೂತ. ಒಳಗೆ ಬಳೆ ಸದ್ದಾಯಿತು. ಯಾರೋ ಅದನ್ನು ಕೈಗೆತ್ತಿಕೊಂಡರು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ, ಎಳೆದು, ಗುಬ್ಬಿ ಕಡೆಯವಳ ದನಿಯಲ್ಲಿ ಮಾತು ಬಂತು.

“ಕೂಸಿಗೆ ಇಕ್ಕಿದ್ರಾ?”

ಒಳಗಿದ್ದದ್ದು ಗಿರಿಯಮ್ಮ ಒಬ್ಬಳೇ ಅಂತ ಅವನಿಗೆ ಗೊತ್ತು. ತಿರುಗಿದರೆ ಯಾರು ಅಂತ ಕಾಣುತ್ತಿತ್ತು. ಅವನು ತಿರುಗಲಿಲ್ಲ. ಕೆಂಪಯ್ಯನ ಮಾತು ನೆನಪಾಯಿತು, ಉತ್ತರ ಕೊಟ್ಟರೆ ಇಲ್ಲೇ ಬೇರು ಬಿಡುತ್ತದೆ.

“ಇಲ್ಲ,” ಅಂದ ಕದರಯ್ಯ. “ಇನ್ನೂ ಇಕ್ಕಿಲ್ಲ. ಹಸ್ಕೊಂಡು ಕೂತವಳೆ. ನೀನೇ ಬಂದು ಇಕ್ಕು.”

ಒಳಗಿಂದ ತಟ್ಟೆ ತೆಗೆದ ಸದ್ದು ಬಂತು. ಅವನು ಮಗಳನ್ನು ಅಲ್ಲಾಡಿಸಿ ಎಬ್ಬಿಸಿ, ಕೈತೊಳೆದುಕೊಂಡು ಬಾ ಅಂದ.