ಬಣ್ಣ ಬಿಟ್ಟ ನೀಲಿ ಗಿಡ

ಊಟಿಗೆ ಹೋದವರು ಟೀ ಪುಡಿ, ನೀಲಗಿರಿ ಎಣ್ಣೆ ತರುತ್ತಾರೆ. ನಾನು ಒಂದು ಗಿಡ ತಂದೆ. ಅಲ್ಲಿನ ನರ್ಸರಿಯೊಂದರಲ್ಲಿ ಅದನ್ನು ಕಂಡಾಗ ಕಾಲು ಮುಂದಕ್ಕೆ ಹೋಗಲಿಲ್ಲ. ಮಂಡಿಯೆತ್ತರದ, ಗುಂಡಗೆ ಮೈತುಂಬಿಕೊಂಡ, ಸೂಜಿಯಂಥ ಎಲೆಗಳ ಗಿಡ. ಬಣ್ಣ ಮಾತ್ರ ಹಸಿರಲ್ಲ, ಬೆಳ್ಳಿ ಬೆರೆಸಿದ ನೀಲಿ. ನೀಲಿ ಸ್ಪ್ರೂಸ್, ಚಳಿನಾಡಿನ ಮರದ ಕುಳ್ಳ ಜಾತಿ, ಪುಟ್ಟ ಅಂಗಳಕ್ಕೆ ಹೇಳಿ ಮಾಡಿಸಿದ್ದು ಎಂದು ನರ್ಸರಿಯವನು ಹೇಳಿದ. ಕೊಳ್ಳೇಗಾಲದ ಬಿಸಿಲು ತಡೆಯುವುದು ಕಷ್ಟ ಎಂದೂ ಹೇಳಿದ. ನಾನು ಮೊದಲ ಮಾತನ್ನಷ್ಟೇ ಕೇಳಿಸಿಕೊಂಡೆ.

ಕೊಳ್ಳೇಗಾಲದಲ್ಲಿ ನಮ್ಮದು ರೇಷ್ಮೆ ನೇಯುವವರ ಮನೆ. ಸೊಸೆ ನಾನು ಹನೂರಿನಲ್ಲಿ ಟೀಚರ್. ಈಗಲೂ ಮಗ್ಗದ ಮುಂದೆ ಕೂರುವವರು ನನ್ನ ಮಾವ. ಬಾಗಿಲಿಗೂ ರಸ್ತೆಗೂ ನಡುವೆ ಎರಡು ಮಂಚ ಹಿಡಿಸುವಷ್ಟು ಜಾಗವಿದೆ. ಕುಂಡವನ್ನು ಅಲ್ಲಿಟ್ಟೆ. ಮಾವ ಬಗ್ಗಿ ನೋಡಿದರು.

"ಏನವ್ವಾ ಇದು, ಮಾದಪ್ಪನ ಇಬೂತಿ ಬಳ್ಕಂಡಂಗದಲ್ಲ!"

ಬೀದಿಯವರೆಲ್ಲ ನೋಡಲು ಬಂದರು. ಪ್ಲಾಸ್ಟಿಕ್ಕೋ ನಿಜವೋ ಎಂದು ಒಬ್ಬೊಬ್ಬರೂ ಮುಟ್ಟಿ ಸವರಿದರು. ಪಕ್ಕದ ಮನೆಯಾಕೆಯಂತೂ ಗಿಡಕ್ಕೆ ಧೂಳು ಕೂತಿದೆಯೆಂದು ಮರುಕಪಟ್ಟು, ನಾನು ಶಾಲೆಗೆ ಹೋದ ಮೇಲೆ ಪೈಪು ಹಿಡಿದು ದಿನವೂ ತಲೆಸ್ನಾನ ಮಾಡಿಸುತ್ತಿದ್ದಳು.

ಒಂದು ಸಂಜೆ ಹನೂರಿನ ಬಸ್ಸಿಳಿದು ಬಂದರೆ, ಮಾವ ಒದ್ದೆ ಬಟ್ಟೆಯ ಚೂರು ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಮೋಸ ಓದ್ವಿ ಕಣವ್ವಾ. ನರ್ಸರಿಯೋನು ಬಣ್ಣ ಬಳ್ದು ಕೊಟ್ಟವ್ನೆ. ನೋಡು, ಬಣ್ಣ ಬುಡ್ತಾ ಅದೆ!"

ನಿಜವೇ. ಬಟ್ಟೆಗೆ ಬೂದಿಯಂಥದೇನೋ ಮೆತ್ತಿತ್ತು. ಗೋಡೆಯ ಕಡೆ ನೀಲಿಯಾಗಿದ್ದ ಗಿಡ ರಸ್ತೆಯ ಕಡೆ ಬರೀ ಹಸಿರಾಗಿತ್ತು. ಬಣ್ಣ ಬಿಡುವ ನೂಲನ್ನು ಜೀವಮಾನವೆಲ್ಲ ಬೈದ ಮನುಷ್ಯ ಸುಮ್ಮನಿರುತ್ತಾರೆಯೇ? ನನ್ನ ಫೋನು ಇಸಿದುಕೊಂಡು ನರ್ಸರಿಯವನನ್ನು ತಮಿಳಿನಲ್ಲೇ ತರಾಟೆಗೆ ತೆಗೆದುಕೊಂಡರು. ಆತ ನಕ್ಕುಬಿಟ್ಟ. ಅದು ಎಲೆಯ ಮೇಲಿನ ಮೇಣ, ಕೈ ತಾಗಿದರೆ, ನೀರು ರಭಸವಾಗಿ ಬಿದ್ದರೆ ಅಳಿಸಿಹೋಗುತ್ತದೆ, ಹೊಸ ಚಿಗುರು ಮತ್ತೆ ನೀಲಿಯಾಗಿಯೇ ಬರುತ್ತದೆ ಎಂದ.

ಮಾವ ಫೋನಿಟ್ಟು, ಒದ್ದೆ ಬಟ್ಟೆಯನ್ನು ಗಿಡದಿಂದ ದೂರ ಎಸೆದರು. ಮರುದಿನದಿಂದ ಅದರ ಕಾವಲು ಅವರದೇ.

"ಕಣ್ಣಲ್ಲಿ ನೋಡ್ರಿ, ಕೈಯಲ್ಲಿ ನೋಡ್ಬ್ಯಾಡಿ!" ಎಂದು ದಾರಿಯಲ್ಲಿ ಹೋಗುವವರಿಗೆ. "ಬೇರಿಗೆ ಉಯ್ಯವ್ವಾ, ನೆತ್ತಿಗಲ್ಲ," ಎಂದು ಪಕ್ಕದ ಮನೆಯಾಕೆಗೆ.

ಬೇಸಿಗೆ ಬಂತು. ಕೆಳಗಿನ ರೆಂಬೆಗಳು ಕಂದಿದವು. ಎಳೆಬಿಸಿಲು ಮಾತ್ರ ಬೀಳುವ ಮನೆಯ ಪಕ್ಕದ ಸಂದಿಗೆ ಕುಂಡವನ್ನು ಸರಿಸಿದೆವು. ಮಾವ ತಮ್ಮ ಹಳೆ ಪಂಚೆಯನ್ನೇ ಚಪ್ಪರದಂತೆ ಕಟ್ಟಿದರು.

"ಉಳಿಯಲ್ಲ ಬಿಡಿ ಮಾವ," ಎಂದೆ.

"ಸುಮ್ಕಿರು. ತುದಿ ಇನ್ನೂ ಮೆತ್ತಗದೆ."

ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೆ ಒಂದು ಬೆಳಿಗ್ಗೆ, ನಾನು ಊಟದ ಡಬ್ಬಿ ಹಿಡಿದು ಹೊರಟಾಗ ಸಂದಿಯಿಂದ ಕೂಗು ಬಂತು.

"ಬಾವ್ವಾ ಇಲ್ಲಿ! ಬಸ್ಸು ಓದ್ರೆ ಓಗ್ಲಿ!"

ಕಂದು ಮೊಗ್ಗುಗಳು ಟೋಪಿ ಕಳಚಿದ್ದವು. ಒಳಗಿಂದ ಕುಂಚದ ತುದಿಯಂಥ ನೀಲಿ ಚಿಗುರು ಇಣುಕುತ್ತಿತ್ತು. ಪಕ್ಕದ ಮನೆಯಾಕೆಯೂ ಓಡಿಬಂದಳು. ಮೂವರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಉಸಿರು ಕೂಡ ತಾಗದಂತೆ ಬಗ್ಗಿ ನೋಡಿದೆವು. ಬಸ್ಸು ಹೋಗಿಯೇಬಿಟ್ಟಿತು.

ಆ ಚಿಗುರು ನೋಡಿದ ಮೇಲೆ ಮಾವನಿಗೆ ಬೇರೆ ಹುಚ್ಚು ಹಿಡಿಯಿತು. ಉದ್ದದ ಎಳೆಗೆ ನೀಲಿ ನೂಲು, ಅಡ್ಡದ ಎಳೆಗೆ ಬೂದಿಬಿಳುಪು ಹಾಕಿ ಒಂದು ಸೀರೆ ನೇಯ್ದು ನನ್ನ ಕೈಗಿತ್ತರು. ಯಳಂದೂರಿನಲ್ಲಿ ನೆಂಟರ ಮದುವೆಗೆ ಅದನ್ನುಟ್ಟು ಹೋದೆ. ಯಾವ ಬಣ್ಣ ಇದು ಎಂದು ಹೆಂಗಸರು ಸೆರಗು ಹಿಡಿದು ಕೇಳಿದರೆ, ಗಂಡಸರ ಪಂಕ್ತಿಯಿಂದಲೇ ಮಾವ ಗಿಡದ ಕಥೆ ಶುರುಮಾಡಿದರು. ಅವರ ಎಲೆಯ ಮೇಲಿನ ಪಾಯಸ ಆರಿಹೋಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದರು: "ಮುಂದ್ಲ ಸಲ ಊಟಿಗೆ ಓಗೋವಾಗ ನನ್ನೂ ಕರ್ಕಂಡೋಗವ್ವಾ. ಅಲ್ಲಿ ಅರಿಸಿನ ಬಣ್ಣದ್ದೂ ಇದ್ದದಾ?"