ಕಾಫಿ ಕೇಳದ ಹಾಡುಗಾರ

ಚಾರ್ಜ್ ಮುಗಿದುಹೋಗಬಹುದಿತ್ತು. ಗುಂಡಿ ತಪ್ಪಿ ರೇಡಿಯೋಗೆ ತಿರುಗಿ, ಹೆಣದ ತಲೆಯ ಪಕ್ಕ ಚಿನ್ನದಂಗಡಿಯ ಜಾಹೀರಾತು ಕೂಗಬಹುದಿತ್ತು. ಯಾರಾದರೂ ಎಡವಿ ದೀಪದೆಣ್ಣೆ ಚೆಲ್ಲಬಹುದಿತ್ತು. ನಾನೇ ಎಡವಬಹುದಿತ್ತು, ಅಂಥ ಕೆಲಸಕ್ಕೆ ನಮ್ಮ ಬೀದಿಯಲ್ಲಿ ನನಗಿಂತ ಅರ್ಹರಿಲ್ಲ. ಹೀಗೆ ಒಂದೊಂದನ್ನೇ ಯೋಚಿಸುತ್ತ, ಅಂಗೈಯಗಲದ ಹಾಡಿನ ಡಬ್ಬಿ ಹಿಡಿದು ಮಾವನ ತಲೆಯ ಬಳಿ ಕೂತಿದ್ದೆ. ಮಾವನ ಬಲಗೈ ಬಿಳಿ ಪಂಚೆಯ ಹೊರಗಿತ್ತು. ತೋರುಬೆರಳಿನ ಬುಡದಲ್ಲಿ, ತಾಳದ ದಾರ ಕೂತು ಕೂತು ಉಂಗುರದಂತೆ ಬಿದ್ದಿದ್ದ ಕಪ್ಪು ಗೆರೆ. ಅದನ್ನು ನೋಡಿದರೂ ನನಗೇನೂ ಆಗಲಿಲ್ಲ.

ರಕ್ತಸಂಬಂಧದ ಮಾವನಲ್ಲ, ಹಾಸನದಲ್ಲಿ ಪಕ್ಕದ ಮನೆಯವರು. ಸಾವಿನ ಮನೆಯಲ್ಲಿ ಭಜನೆ ಹಾಡುವ ಮೇಳದ ಯಜಮಾನರು. ಸಾಲಗಾಮೆಯಿರಲಿ, ಕೊರವಂಗಲವಿರಲಿ, ಸುದ್ದಿ ಬಂದರೆ ತಾಳವನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಡುತ್ತಿದ್ದರು. ನಾನು ಮಾವ ಎಂದರೆ ಅವರು ಅಳೀಮಯ್ಯ ಎನ್ನುತ್ತಿದ್ದರು, ತುಸು ಅಣಕಿಸಿ.

ಅವರದೊಂದು ಕಟ್ಟಳೆ ಇತ್ತು. ಹಾಡು ಎಷ್ಟೇ ಏರಿರಲಿ, ಮನೆಯವರು ಯಾರಾದರೂ ಬಾಗಿಲಿಗೆ ಬಂದು ಅತ್ತರೆ ಎರಡು ತಾಳವನ್ನೂ ಒತ್ತಿ ಹಿಡಿದು ನಿಲ್ಲಿಸುವರು. ಅಳು ಇಳಿದ ಮೇಲೆ ಬಿಟ್ಟ ಸಾಲಿನಿಂದಲೇ ಶುರು. "ಅಳೋರ ಮ್ಯಾಲೆ ಹಾಡ್‌ಬಾರ್ದು ಕಣಪ್ಪ" ಎನ್ನುವರು.

ನಮ್ಮಪ್ಪ ಹೋದ ದಿನ ನಾನು ಶಾಮಿಯಾನ, ಲೋಟ, ಹೂವು ಎಂದು ಅಲೆಯುತ್ತಿದ್ದೆ. ಕಡೆಗೆ ಒಳಗೆ ಬಂದು ಅಪ್ಪನ ಮುಂದೆ ನಿಂತೆ. ತಾಳ ನಿಂತಿತು. ಇಡೀ ಮನೆ ನನಗಾಗಿ ಕಾಯಿತು. ನನಗೆ ಹೊಳೆದದ್ದು, ಹಿತ್ತಲಿನ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬುದು.

"ಬರ್ನಿಲ್ವಾ ಅಳೀಮಯ್ಯ?"

ಇಲ್ಲವೆಂದು ತಲೆಯಾಡಿಸಿದೆ.

"ಇರ್ಲಿ ಬುಡು. ಬಂದಾಗ ಯೋಳು, ನಿಲ್ಸ್ತೀನಿ" ಎಂದು ಮತ್ತೆ ತಾಳ ಹಾಕಿದರು.

ಕ್ರಮೇಣ ಮೇಳ ಸವೆಯಿತು. ಒಬ್ಬರಿಗೆ ಮಂಡಿ, ಒಬ್ಬರಿಗೆ ದಮ್ಮು. ಹಾರ್ಮೋನಿಯಂನವರು ಹೊಳೆನರಸೀಪುರದ ಮಗಳ ಮನೆ ಸೇರಿದರು. ಹಾಡಿನ ಡಬ್ಬಿ ಕೊಳ್ಳೋಣವೆಂದು ಮಾವನನ್ನು ಅಂಗಡಿಗೆ ಕರೆದುಕೊಂಡು ಹೋದವನು ನಾನೇ.

"ಸಾವಿರಾರು ಹಾಡು ಹಿಡೀತದೆ ಸಾ" ಎಂದ ಅಂಗಡಿಯವನು.

"ಸತ್ತೋರು ಒಸಾ ಹಾಡು ಕೇಳ್ತಾರೇನ್ಲಾ?" ಎಂದರು ಮಾವ.

"ಫೋನಲ್ಲೇ ಹಾಕ್ಬೋದಿತ್ತು" ಎಂದು ನಾನು ಅನುಮಾನ ತೆಗೆದೆ.

"ಹಾಕು. ಮಧ್ಯದಲ್ಲಿ ಯಾವನೋ ಫೋನ್ ಮಾಡಿ ಸಾಲ ಬೇಕಾ ಅಂತಾನೆ. ಯಾರಿಗೆ ಕೊಡುಸ್ತೀಯ, ಮಲಗಿರೋರ್ಗಾ?"

ಮನೆಗೆ ಬಂದು ಜಗಲಿಯ ಮೇಲೆ ಡಬ್ಬಿಯನ್ನು ಹೆಣ್ಣು ನೋಡಿದ ಹಾಗೆ ನೋಡಿದರು. "ಕಾಫಿ ಕೇಳಾಕಿಲ್ಲ. ಕೆಮ್ಮಾಕಿಲ್ಲ. ನಮ್ಮ ಹಾರ್ಮೋನಿಯಂನೋನಂಗೆ ತೂಕಡ್ಸಾಕಿಲ್ಲ. ಎಲ್ಲಾ ವಾಸಿ ಕಣೋ. ಒಂದೇ ಐಬು, ಇದುಕ್ಕೆ ಬಾಗ್ಲು ಕಾಣಾಕಿಲ್ಲ."

ಮೇಳದಲ್ಲಿ ಉಳಿದವರನ್ನು ಕೂಡಿಸಿ ಹಾಡಿಸಿ, ಅದನ್ನೇ ಡಬ್ಬಿಗೆ ತುಂಬಿಸಿದೆವು. ಎಲ್ಲದರಲ್ಲೂ ಮಾವನದೇ ದೊಡ್ಡ ದನಿ. ಅಂದೇ ಅವರು ನನಗೆ ಹೇಳಿದ್ದರು: "ನನ್ ದಿನಕ್ಕೂ ಇದುನ್ನೇ ಹಾಕು. ಪಕ್ಕದಲ್ಲಿ ನೀನ್ ಕೂತ್ಕೊ. ನನ್ ಮಗ್ಳು ಬಂದಾಗ ನಿಲ್ಸು. ಅಷ್ಟೇಯ."

ಆ ಒಂದು ಕೆಲಸಕ್ಕೇ ಕೂತಿದ್ದೆ. ಡಬ್ಬಿ ಕೈಕೊಡಲಿಲ್ಲ. ರೇಡಿಯೋಗೆ ತಿರುಗಲಿಲ್ಲ. ಯಾರೂ ಎಡವಲಿಲ್ಲ. ಕಣ್ಣು ಒಣಗಿಯೇ ಇದ್ದುದರಿಂದ ಗುಂಡಿಗಳೆಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು.

ಮಧ್ಯಾಹ್ನ ಅರಕಲಗೂಡಿನಿಂದ ಮಗಳು ಬಂದಳು. ಹೊಸಿಲ ಮೇಲೇ ಕುಸಿದು "ಅಪ್ಪಾ" ಎಂದಳು. ಆ ಹೊತ್ತಿಗೆ ನಾನು ಬಗ್ಗಿ, ಚಾರ್ಜಿನ ದೀಪ ಹಸಿರೋ ಹಳದಿಯೋ ಎಂದು ನೋಡುತ್ತಿದ್ದೆ. ಹಸಿರಿತ್ತು. ಹೆಬ್ಬೆರಳು ಗುಂಡಿಯ ಮೇಲೇ ಇತ್ತು, ಒತ್ತಬೇಕೆಂದು ಹೊಳೆಯಲಿಲ್ಲ.

ಅವಳ ಅಳುವಿನ ಮೇಲೆ ಮಾವ ಹಾಡು ಮುಗಿಯುವವರೆಗೂ ಹಾಡಿದರು.