ಅವ್ವನ ತವರೂರು ಯಾರ ಪಾಲಿಗೆ

ಬೆಳಗಾವಿ ಗಡಿಯ ಹಳ್ಳಿಗಳು ಮಹಾರಾಷ್ಟ್ರಕ್ಕೆ ಸೇರಬೇಕೇ ಎಂದು ಟಿವಿಯವರು ಜನರನ್ನು ಕೇಳುತ್ತಿದ್ದರು. ನರೇಗಲ್ಲಿನ ನಮ್ಮ ಮನೆಯಲ್ಲಿ ಕೂತು ನಾನು ಗುಡುಗಿದೆ: "ಒಂದು ಗೇಣು ಜಾಗಾನೂ ಬಿಡಬಾರ್ದು!" ಆ ಹಳ್ಳಿಗಳಲ್ಲೊಂದು ಅವ್ವನ ತವರು. ಅವಳೂ ಹೂಂ ಅನ್ನುತ್ತಾಳೆಂದು ಅಡುಗೆಮನೆಯತ್ತ ನೋಡಿದೆ.

"ಹೋದ್ರ ಹೋಗ್ಲಿ ಬಿಡು," ಅಂದಳು, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

"ಅವ್ವಾ, ಅದು ನಿನ್ನ ತವರುಮನಿ!"

"ನನ್ನ ತಮ್ಮ ಮಗಳನ್ನ ನಿನಗ ಕೊಡ್ತೀನಂತ ಬಂದಾಗ ಏನಂದಿ? ಅವರ ಮಾತಿನಾಗ ಬರೇ ಮರಾಠಿ ಐತಿ, ಅವರು ಆ ಕಡಿಯವರು ಅಂದಿ."

ಮರೆತೇಬಿಟ್ಟಿದ್ದೆ. ಅವತ್ತು ಸೋದರಮಾವ ಚಹಾ ಕೂಡ ಕುಡಿಯದೆ ಎದ್ದು ಹೋಗಿದ್ದ.

ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿದಳು. "ಆ ಊರನ್ನ ಅವತ್ತ ನೀನ ಬಿಟ್ಟುಕೊಟ್ಟಿ. ಈಗ ಟಿವಿ ಮುಂದ ಯಾಕ ಒದರ್ತಿ?"